ಮೊದಲ ಗುಟುಕು

ಚಿರಂಜೀವಿ ಇಸಿದ್ರೋನಿಗೆ ತಂದೆಯ ಆಶೀರ್ವಾದಪೂರ್ವಕ ನಿವೇದನೆ.

ನೀನು ಹೋದ ಮೀನುದೋಣಿ ಮರಳದ ದಿನದಿಂದ ನಮ್ಮ ಬರಂಗಾಯ್‌ನ ಹಳ್ಳಿ ಹುಡುಗರ ಬಾಸ್ಕೆಟ್‌ಬಾಲ್ ತಂಡ ಒಂದು ವಾರ ಗೆದ್ದರೆ ಮರುವಾರ ಸೋಲುತ್ತಿತ್ತು. ನಿನ್ನ ನಾಯಕಸ್ಥಾನಕ್ಕಾಗಿ ಜಗಳವಾಡಿದ ನೀಲೋ ಮತ್ತು ಅರ್ನೆಲ್ ಪರಸ್ಪರ ಚೆಂಡು ಕೊಡುತ್ತಿರಲಿಲ್ಲ. ಆಟದ ನಂತರ ತೆಂಗಿನ ಕಳ್ಳನ್ನೂ ಎರಡು ಗುಂಪಾಗಿ, ಎರಡು ಲೋಟದಲ್ಲಿ ಕುಡಿಯುತ್ತಿದ್ದರು. ನಿನ್ನೆ ನೀಲೋ ಕೊಟ್ಟ ಚೆಂಡನ್ನು ಅರ್ನೆಲ್ ಬುಟ್ಟಿಗೆ ಹಾಕಿ ಗೆಲ್ಲಿಸಿದನೆಂಬುದನ್ನು ನಿನ್ನ ಅವಗಾಹನೆಗೆ ತರುತ್ತಿದ್ದೇನೆ.

ಬಳಿಕ ಎಲ್ಲರೂ ಒಂದೇ ಲೋಟದ ಸುತ್ತ ಕುಳಿತರು. ತುಂಬಿ ಹಂಚುವ ಹೊಣೆ ಅವರೆಲ್ಲರ ತಿಯೋ, ಚಿಕ್ಕಪ್ಪನಂಥ ಹಿರಿಯನಾದ ನನ್ನದು.

"ಅರ್ನೆಲ್ ಕುಡಿದ್ಮೇಲೆ ಲೋಟ ತೊಳ್ದು ಕೊಡಿ, ತಿಯೋ!" ಎಂದು ನೀಲೋ ಕೆಣಕಿದ.

"ಮೊದ್ಲು ನಿನ್ ಬಾಯಿ ತೊಳ್ಕೊಳೋ," ಎಂದ ಅರ್ನೆಲ್. ಎಲ್ಲರೂ ನಕ್ಕರು. ಆಮೇಲೆ ಅವನೇ ಮೆಲ್ಲಗೆ, "ತಿಯೋ, ಮೊದಲ ಗುಟುಕು ನೆಲಕ್ಕೆ ಹಾಕಿ. ಇಸಿದ್ರೋಗೆ," ಎಂದ.

ತೀರಿಕೊಂಡವರಿಗಷ್ಟೇ ನಾವು ಹಾಗೆ ಸುರಿಯುವುದು. ನಿನ್ನ ಹೆಸರಿನಲ್ಲಿ ಸುರಿಯಲು ನಾನು ಇದುವರೆಗೆ ಯಾರನ್ನೂ ಬಿಟ್ಟಿರಲಿಲ್ಲ. ಲೋಟ ಹಿಡಿದೇ ಕುಳಿತೆ. ಅದು ನನ್ನ ಕೈ ದಾಟದೆ ಯಾರೂ ಕುಡಿಯುವಂತಿರಲಿಲ್ಲ. ನೀಲೋ ಅರ್ನೆಲ್‌ನ ಹೆಗಲ ಮೇಲೆ ಕೈಯಿಟ್ಟು ಕಾಯುತ್ತಿದ್ದ.

ನಾನು ಸುರಿದೆ.

ನಿನ್ನ ತಾಯಿಗೆ ಇದನ್ನು ಇನ್ನೂ ಅರಿಕೆ ಮಾಡಿಲ್ಲ.