ಅಪ್ಪನ ಬಾಯಿ

ತಮ್ಮಾ,

‘ಅಪ್ಪ ಅನ್ನ ಬಿಟ್ಟಿದ್ದಾರೆ, ಬಲವಂತ ಮಾಡ್ಬೇಡ, ನೆಮ್ಮದಿಯಾಗಿ ಹೋಗ್ಲಿ’ ಎಂದು ನೀನು ಫೋನಿನಲ್ಲಿ ಹೇಳಿದೆ. ನಾನು ಒಪ್ಪಲಿಲ್ಲ. ಅವರು ಬೈದರೂ ಬಿಡದೆ ಹಲ್ಲಿನ ಸೆಟ್ಟು ತೆಗೆಸಿ ನೋಡಿದೆ. ಅಂಗುಳದ ತುಂಬ ಬಿಳಿ ಪದರ, ಅದರಡಿಯಲ್ಲಿ ಕೆಂಪು ಹುಣ್ಣು. ಅವರು ದಿನಾ ನುಂಗುವ ಮಾತ್ರೆಗಳಿಂದ ಜೊಲ್ಲು ಬತ್ತಿ, ರಾತ್ರಿಯೂ ಸೆಟ್ಟು ಹಾಕಿಕೊಂಡೇ ಮಲಗಿ, ಬಾಯಿಗೆ ಬೂಷ್ಟು ಹಿಡಿದಿದೆ ಎಂದರು ಹಲ್ಲಿನ ಡಾಕ್ಟರು. ಉರಿ ತಾಳದೆ ಅನ್ನ ಬಿಟ್ಟಿದ್ದರು ಕಣೋ, ಬದುಕು ಬೇಡವೆಂದಲ್ಲ.

ವಾರದಿಂದ ಔಷಧಿ ಹಚ್ಚುತ್ತಿದ್ದೇನೆ. ಇವತ್ತು ಮೆತ್ತಗಿನ ಅನ್ನ ಕೊಟ್ಟರೆ ಎರಡು ತುತ್ತು ನುಂಗಿ, ‘ಏನೇ, ಉಪ್ಪು ಹಾಕೋಕೂ ಕೈ ಬರ್ಲಿಲ್ವಾ?’ ಎಂದು ಗದರಿದರು. ತಟ್ಟೆ ಖಾಲಿ ಮಾಡಿದರು.

ಭಾನುವಾರ ಬರುವಾಗ ಸೆಟ್ಟು ನೆನೆಸಿಡಲು ಮುಚ್ಚಳವಿರುವ ಡಬ್ಬಿ ತಾ. ಅಳುಮೋರೆ ಹೊತ್ತು ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತೇನೆ.

ನಿನ್ನ ಅಕ್ಕ