ಹಿಂದಿನ ಸ್ಪೀಕರ್‌ಗಳ ಎತ್ತರ

ಅಪ್ಪಾ,

ನೀನು ತೀರಿಕೊಂಡ ಮೇಲೆ ಇವತ್ತು ನಮ್ಮೂರು ಬಾರಾಂಕಿಯಾಕ್ಕೆ ಬಂದು, ನೀನು ಹಾಡು ಕೇಳುತ್ತಿದ್ದ ಕೋಣೆಯ ಬಾಗಿಲು ತೆರೆದೆ. ತಮ್ಮ ವಿಲ್ಫ್ರಿಡೊ ಅಳತೆ ಟೇಪು ಹಿಡಿದು ನಕ್ಕ.

"ಬೆನ್ನ ಹಿಂದಿನ ಸ್ಪೀಕರ್ ಕಿವಿಗಿಂತ ಒಂದು ಗೇಣು ಮೇಲಿರ್ಬೇಕು ಕಣಕ್ಕಾ. ಇವೆರಡೂ ಸೊಂಟದೆತ್ತರಕ್ಕಿವೆ. ಅಪ್ಪನ ಕಿವಿ ಸೊಂಟದಲ್ಲಿತ್ತಾ?"

ನಾನೂ ನಕ್ಕೆ. ಆಮೇಲೆ ನಿನ್ನ ತೂಗುಕುರ್ಚಿಯ ಪಕ್ಕ ನನ್ನ ಪುಟ್ಟ ಸ್ಟೂಲು ಕಂಡಿತು. ಈಗ ಅದು ನನಗೆ ತೀರಾ ಚಿಕ್ಕದು. ಪಕ್ಕದಲ್ಲೇ ನೆಲದ ಮೇಲೆ ಕೂತೆ. ಅವನು ನಿನ್ನ ಕಾರ್ನಿವಲ್ ರೆಕಾರ್ಡು ಹಾಕಿದ. ಡೋಲುಗಳ ಮೆರವಣಿಗೆ ಬೆನ್ನ ಹಿಂದಿನಿಂದ ಬಂದು, ಎರಡೂ ಕಿವಿ ಸವರಿಕೊಂಡು ಮುಂದೆ ಹೋಯಿತು. ಏಳು ವರ್ಷದವಳಾಗಿ ಆ ಸ್ಟೂಲಿನ ಮೇಲೆ ಕೂತಾಗಲೂ ಹೀಗೇ ಹೋಗುತ್ತಿತ್ತು.

ನಿನ್ನ ಜೊತೆ ಜಗಳವಾಡಿ ಹೋದವಳು ನಾನು, ಹದಿನಾರು ವರ್ಷ ಇತ್ತ ಬರಲಿಲ್ಲ. ನೀನು ಆ ಸ್ಪೀಕರ್‌ಗಳನ್ನು ಒಂದು ಬೆರಳಷ್ಟೂ ಏರಿಸಿಲ್ಲ.

ವಿಲ್ಫ್ರಿಡೊ ಸ್ಕ್ರೂಡ್ರೈವರ್ ತಂದ.

"ಬಿಚ್ಚಬೇಡ ಕಣೋ," ಅಂದೆ. "ನೀನೇ ಕೆಳಗೆ ಕೂತ್ಕೋ."