ಕೊನೆಗೆ ಓಡಿದ ಆರನೇ ರೀಲು

ತಾರೀಖು ಒಂಬತ್ತು, ಗುರುವಾರ
ಬೆಳಿಗ್ಗೆ ಹನ್ನೊಂದೂಕಾಲು

ನನ್ನ ಕೌಂಟರಮ್ಮನಿಗೆ, ಪ್ರೀತಿಯಿಂದ,

ಗಡಿಯಾರದ ಹೆಂಗಸು ಮನೆಗೆ ವಾಪಸ್ಸು ಬರುತ್ತಾಳೆ. ಚಿತ್ರದ ಕೊನೆಯಲ್ಲಿ ಆಕೆ ರೈಲು ಹತ್ತಿ ಹೋಗುವುದಿಲ್ಲ. ಬೀಗ ತೆಗೆದು ತನ್ನ ಮನೆಯೊಳಗೆ ಕಾಲಿಡುತ್ತಾಳೆ. ಇದನ್ನು ನನಗೆ ತಿಳಿಸಿದವರು ಲೈಬ್ರರಿ ಮೇಡಂ. ಮೊನ್ನೆ ಭಾನುವಾರ ನಾನೇ ಕಣ್ಣಾರೆ ನೋಡಿದೆ. ಮೂವತ್ತಮೂರು ವರ್ಷದಿಂದ ನೀನು ನಂಬಿಕೊಂಡು ಬಂದಿರುವ ಕೊನೆ ಆ ಚಿತ್ರದ ಕೊನೆಯಲ್ಲ. ಸುದ್ದಿ ಇಷ್ಟೇ. ಉಳಿದದ್ದು ವಿವರ.

ನಮ್ಮ ಬೀದಿಯ ತುದಿಯ ಲೈಬ್ರರಿಗೆ ಹೊಸದಾಗಿ ಬಂದಿರುವ ಈ ಮೇಡಂ ಮಾತು ಜೋರು, ಚಪ್ಪಲಿ ಸದ್ದು ಅದಕ್ಕಿಂತ ಜೋರು. ಹಳೇ ಪತ್ರಿಕೆಗಳ ಕೋಣೆ ಖಾಲಿ ಮಾಡಿಸಿ, ಗೋಡೆಗೆ ಬಿಳಿ ಬಟ್ಟೆ ಹೊಡೆಸಿ, ಐದು ಭಾನುವಾರ ಐದು ಚಿತ್ರ ಎಂದು ಬೋರ್ಡು ಹಾಕಿದ್ದಾರೆ. ಎಲ್ಲವೂ ಊರು ಬಿಟ್ಟು ಹೊರಟವರ ಕಥೆಗಳು, ಎಲ್ಲವೂ ಯಾರೂ ನೋಡದೆ ಮೂಲೆ ಸೇರಿದ ಚಿತ್ರಗಳು. ಮೊದಲನೆಯದರಲ್ಲಿ ಅಕ್ಕತಂಗಿಯರಿಬ್ಬರು ಉಪ್ಪಿನ ಲಾರಿ ಓಡಿಸಿಕೊಂಡು ಮರಳುಗಾಡು ದಾಟುತ್ತಾರೆ. ಎರಡನೆಯದರಲ್ಲಿ ನಕ್ಷೆ ಬರೆಯುವವನೊಬ್ಬ, ತಾನು ಅಂದಾಜಿನಲ್ಲಿ ಗೀಚಿದ ನದಿ ನಿಜಕ್ಕೂ ಇದೆಯೇ ಎಂದು ಹುಡುಕಿಕೊಂಡು ನಡೆಯುತ್ತಾನೆ. ನೋಡಿದವರು ಎಂಟು ಜನ. ಅವರಲ್ಲಿ ನಮ್ಮ ಪಕ್ಕದ ಮನೆಯ ಟೇಲರ್ ಒಬ್ಬ.

ಆ ನದಿಯ ಚಿತ್ರ ಮುಗಿದದ್ದೇ ತಡ, ಅವನು ಬೋರ್ಡು ಓದದೆ ಸಿಕ್ಕ ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೆ ಹೋಗಿ ಬಂದನಂತೆ. "ಏನಿತ್ತಯ್ಯಾ ಅಲ್ಲಿ?" ಎಂದು ಕೇಳಿದೆ. "ಬಸ್ಸು ತಿರುಗಿಸೋಕೆ ಜಾಗ ಇತ್ತು" ಎಂದ. "ಅದನ್ನ ನೋಡೋಕೆ ಹೋದ್ಯಾ?" ಎಂದರೆ, "ನೀವು ಅದನ್ನೂ ನೋಡಿಲ್ವಲ್ಲ ಸಾರ್" ಎಂದ. ಅವನ ಬಾಯಿ ಅವನ ಕತ್ತರಿಗಿಂತ ಹರಿತ. ನಿನಗೇನು ಹೊಸತಲ್ಲ.

ಮೂರನೆಯ ಚಿತ್ರಕ್ಕೆ ಮೊದಲು ಮೇಡಂ ಮನೆಗೇ ಬಂದರು. ನಾನು ಥಿಯೇಟರಿನಲ್ಲಿ ಆಪರೇಟರ್ ಆಗಿದ್ದವನು ಎಂದು ಟೇಲರ್ ಹೇಳಿದ್ದನಂತೆ. ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಹೆಗಲಿಗೆ ಹತಾರದ ಚೀಲ ಹಾಕಿಕೊಂಡ ಹೆಂಗಸು, ಹಿಂದೆ ಸ್ಟೇಷನ್ನಿನ ನಿಂತುಹೋದ ದೊಡ್ಡ ಗಡಿಯಾರ. ಹೆಸರು ಬಾಯಿಗೆ ಬಾರದ್ದಕ್ಕೆ ನಾವೆಲ್ಲ 'ಗಡಿಯಾರದ ಹೆಂಗಸು' ಎಂದೇ ಕರೆಯುತ್ತಿದ್ದ ಚಿತ್ರ. ಬೆಳಗಿನ ಆಟಕ್ಕೆ ಎರಡು ವಾರ ಓಡಿತ್ತು ಎಂದೆ. ಕಥೆ ಕೇಳಿದರು, ಹೇಳಿದೆ: ಗಡಿಯಾರ ರಿಪೇರಿ ಮಾಡುವ ಹೆಂಗಸು, ದೂರದ ಸ್ಟೇಷನ್ನುಗಳಿಂದ ಅವಳಿಗೆ ಕರೆ, ಕೊನೆಗೆ ಬೀಗದ ಕೈಯನ್ನು ಪಕ್ಕದ ಮನೆಯವರ ಕೈಲಿಟ್ಟು ಗೂಡ್ಸ್ ರೈಲು ಹತ್ತಿ ಹೋಗಿಬಿಡುತ್ತಾಳೆ, ರೈಲು ಸುರಂಗ ಸೇರುತ್ತದೆ, ಪರದೆ ಕಪ್ಪಾಗುತ್ತದೆ.

"ಇಲ್ಲ ಸಾರ್" ಎಂದರು ಮೇಡಂ. "ಅದು ಮಧ್ಯದಲ್ಲಿ ಬರುತ್ತೆ. ಕೊನೇಲಿ ವಾಪಸ್ ಬರ್ತಾಳೆ."

"ಮೇಡಂ, ಎರಡು ವಾರ ಓಡಿಸಿದ್ದು ನಾನು."

"ಓಡಿಸಿದ್ರಿ ಸರಿ. ನೋಡಿದ್ರಾ?"

ಆಪರೇಟರ್ ಚಿತ್ರ ನೋಡುವುದಿಲ್ಲ ಎಂಬುದು ನಿನಗೊಬ್ಬಳಿಗೆ ಗೊತ್ತು. ಗೋಡೆಯ ಕಿಂಡಿಯಿಂದ ನಾನು ನೋಡುತ್ತಿದ್ದದ್ದು ಪರದೆಯ ಬಲ ಮೇಲ್ಮೂಲೆಯನ್ನು ಮಾತ್ರ. ರೀಲು ಮುಗಿಯುತ್ತ ಬಂದಾಗ ಅಲ್ಲೊಂದು ಚುಕ್ಕೆ ಮಿಂಚುತ್ತದೆ. ಮೊದಲ ಚುಕ್ಕೆಗೆ ಮುಂದಿನ ರೀಲಿರುವ ಎರಡನೆಯ ಮೆಷಿನ್ ಚಾಲೂ, ಮುಂದಿನ ಚುಕ್ಕೆಗೆ ಅದಕ್ಕೆ ಬದಲಿ. ನಾಯಕ ಸತ್ತರೂ ಗೆದ್ದರೂ ನನಗೆ ಚುಕ್ಕೆಯೇ ಮುಖ್ಯ. ಹೀಗೆ ಮೂವತ್ತೊಂದು ವರ್ಷ.

ತಪ್ಪು ಎಲ್ಲಿ ಆಯಿತು ಎಂಬುದನ್ನೂ ಬರೆಯುತ್ತೇನೆ. ಅದು ಒಂಬತ್ತು ರೀಲಿನ ಚಿತ್ರ, ರೀಲಿಗೆ ಹತ್ತು ನಿಮಿಷ. ಹತ್ತಾರು ಊರು ಸುತ್ತಿ ಸವೆದ ಪ್ರಿಂಟು. ರೀಲುಗಳ ತುದಿ ಹರಿದು ಅಚ್ಚಿನ ಅಂಕಿಗಳೆಲ್ಲ ಹೋಗಿದ್ದವು. ದೊಡ್ಡ ಆಪರೇಟರ್ ಕೂತು ಪರೀಕ್ಷೆ ಮಾಡಿ, ಡಬ್ಬಿಗಳ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದು, ಒಂದು ದಿನದ ರಜೆ ಹಾಕಿದರು. ನನಗಾಗ ಎರಡನೇ ವರ್ಷದ ಕೆಲಸ. ನಮ್ಮ ೬ಕ್ಕೂ ೯ಕ್ಕೂ ಬಾಲದ ತಿರುವೊಂದೇ ವ್ಯತ್ಯಾಸ. ಅವರ ಕೈಬರಹದಲ್ಲಿ ಬಾಲ ಎತ್ತ ಬೇಕಾದರೂ ತಿರುಗುತ್ತಿತ್ತು. ನಾನು ಒಂಬತ್ತನ್ನು ಆರನೆಯದಾಗಿ ಓಡಿಸಿದೆ, ಆರನ್ನು ಕೊನೆಗೆ ಓಡಿಸಿದೆ. ಆಕೆ ಹೊರಡುವ ರೀಲು ಆರು. ಮರಳಿ ಬರುವ ರೀಲು ಒಂಬತ್ತು. ಹೀಗಾಗಿ ನಮ್ಮ ಊರಿನಲ್ಲಿ ಆಕೆ ಮೊದಲು ವಾಪಸ್ಸು ಬಂದಳು, ಆಮೇಲೆ ಊರೂರು ತಿರುಗಿದಳು, ಕಟ್ಟಕಡೆಗೆ ಮನೆ ಬಿಟ್ಟಳು. ಒಬ್ಬರೂ ತಕರಾರು ಮಾಡಲಿಲ್ಲ. ಪ್ರಶಸ್ತಿ ಬಂದ ಚಿತ್ರ ಅರ್ಥವಾಗಬಾರದು ಎಂಬ ಗೌರವ ಜನರಲ್ಲಿತ್ತು. ಮ್ಯಾನೇಜರ್ ಅಂತೂ ಹೊರಗೆ ಬಂದವರ ಮುಂದೆ "ಆಳ ಇದೆ, ಆಳ ಇದೆ" ಎಂದು ತಲೆ ಆಡಿಸುತ್ತಿದ್ದರು.

ನೀನು ಟಿಕೆಟ್ ಕೌಂಟರ್ ಮುಚ್ಚಿ, ಕೊನೆಯ ಹತ್ತು ನಿಮಿಷಕ್ಕೆ ಒಳಗೆ ಬಂದು, ಬಾಗಿಲ ಪರದೆಯ ಹತ್ತಿರ ನಿಲ್ಲುತ್ತಿದ್ದೆ. ಎಂಟು ರೀಲು ಏನು ನಡೆಯಿತೋ ನಿನಗೆ ಬೇಕಿರಲಿಲ್ಲ. ಹದಿನಾಲ್ಕು ದಿನ ಹದಿನಾಲ್ಕು ಸಲ ನೀನು ನೋಡಿದ್ದು ಒಂದೇ: ಬೀಗ, ಬೀಗದ ಕೈ, ಚೀಲ, ರೈಲು, ಸುರಂಗ.

ನಮ್ಮ ಮದುವೆಯಾದ ವಾರವೇ ನೀನು ಕೇಳಿದೆ, "ನಾವು ಯಾವಾಗ ಹೊರಡೋದು?" ನಾನು "ಮುಂದಿನ ಶುಕ್ರವಾರ ಚಿತ್ರ ಬದಲಾಗ್ಲಿ, ನೋಡೋಣ" ಎಂದೆ. ಎಷ್ಟೋ ಶುಕ್ರವಾರಗಳು ಬಂದವು. ಪ್ರತಿ ಶುಕ್ರವಾರ ಡಬ್ಬಿಗಳು ಊರು ಬಿಟ್ಟವು, ನಾನು ಬಿಡಲಿಲ್ಲ. "ಏನ್ರೀ ಆಪರೇಟರೇ, ನಮ್ಮ ಮನೆ ಬಾಗಿಲಿಗೂ 'ಅತಿ ಶೀಘ್ರದಲ್ಲಿ' ಅಂತ ಒಂದು ಬೋರ್ಡು ಬರೆಸಿಬಿಡಿ" ಎನ್ನುತ್ತಿದ್ದೆ. ನಾನು ನಗುತ್ತಿದ್ದೆ. ಮೊದಮೊದಲು ನೀನೂ ನಗುತ್ತಿದ್ದೆ.

ಥಿಯೇಟರ್ ಮುಚ್ಚಿದ ಮೇಲೆ ನನಗೆ ನೆಪ ಉಳಿಯಲಿಲ್ಲ. ಆದರೂ ಒಂದು ವರ್ಷ ಮೊಣಕಾಲು, ಚಳಿ, ಮನೆ ಬಣ್ಣ ಎಂದು ದೂಡಿದೆ. ಮೂರು ವರ್ಷದ ಹಿಂದೆ ನೀನು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತೆ. "ಆ ಹೆಂಗಸು ತಿರುಗಿ ನೋಡಲಿಲ್ಲ, ನಾನೂ ನೋಡಲ್ಲ" ಎಂದೆ. ಮನೆಯೊಳಗೆ ನಾನಿದ್ದರೂ ನಿನ್ನ ಬೀಗದ ಕೈಯನ್ನು ಟೇಲರ್ ಕೈಗೆ ಕೊಟ್ಟೆ. ಚಿತ್ರದಲ್ಲಿ ಹಾಗೇ ಇತ್ತಲ್ಲ. ಅವನು ಇವತ್ತಿಗೂ ಅದನ್ನು ಸೂಜಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾನೆ. ಕೇಳಿದರೆ "ನೀವು ಕೊಟ್ಟಿದ್ದಲ್ಲ ಸಾರ್" ಎನ್ನುತ್ತಾನೆ.

ಮನೆಯ ಸ್ಥಿತಿ ಹೀಗಿದೆ. ನಲ್ಲಿ ಸೋರುವುದು ನಿಂತಿದೆ. ಮುಂದಿನ ಕೋಣೆಯ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡಿದ್ದೆ, ಆಮೇಲೆ ಬಾಗಿಲಿಗೆ, ಈಗ ಮತ್ತೆ ಕಿಟಕಿಗೆ. ನನಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲು ಆಗುವುದಿಲ್ಲ. ಗಡಿಯಾರ ನೋಡಬೇಕಿಲ್ಲ, ಒಂಬತ್ತನೇ ನಿಮಿಷಕ್ಕೆ ಕಣ್ಣು ತಾನಾಗಿ ಕೋಣೆಯ ಬಲ ಮೇಲ್ಮೂಲೆಗೆ ಹೋಗುತ್ತದೆ, ಹತ್ತಕ್ಕೆ ಎದ್ದಿರುತ್ತೇನೆ. ಎದ್ದ ಮೇಲೆ ಬದಲಿಸಲು ಏನೂ ಇರುವುದಿಲ್ಲ. ಒಲೆಯ ಹತ್ತಿರ ಹೋಗಿ ಬರುತ್ತೇನೆ. ಈ ಪತ್ರವನ್ನು ಶುರು ಮಾಡಿದಾಗಿನಿಂದ ನಾಲ್ಕು ಸಲ ಎದ್ದಿದ್ದೇನೆ.

ಭಾನುವಾರವೂ ಅದೇ ಆಯಿತು. ಬೆಳಿಗ್ಗೆ ಹತ್ತೂವರೆಗೆ ಆಟ. ನಾನು ಹಿಂದಿನ ಸಾಲಿನಲ್ಲಿ ಕೂತೆ. ಮೊದಲ ಹತ್ತು ನಿಮಿಷಕ್ಕೆ ಎದ್ದು ನಿಂತಾಗ ಮೇಡಂ "ಬಾತ್‌ರೂಮ್ ಆ ಕಡೆ ಸಾರ್" ಎಂದರು. ಎರಡನೇ ಸಲಕ್ಕೂ ಹೇಳಿದರು. ಮೂರನೇ ಸಲಕ್ಕೆ ಟೇಲರ್ ನನ್ನ ಅಂಗಿಯ ಚುಂಗು ಹಿಡಿದು ಕೂರಿಸಿದ. "ಈ ಅಂಗಿ ಹೊಲಿದೋನು ನಾನು, ಹರಿಯಲ್ಲ, ಕೂತ್ಕೊಳ್ಳಿ" ಎಂದ. ಹಾಗೆ ಹಿಡಿದುಕೊಂಡೇ ಚಿತ್ರ ಮುಗಿಸಿದ. ಜೀವಮಾನದಲ್ಲಿ ನಾನು ಪೂರ್ತಿ ನೋಡಿದ ಮೊದಲ ಚಿತ್ರ ಅದು.

ಕೊನೆಯ ಹತ್ತು ನಿಮಿಷ ಹೀಗಿದೆ. ಆಕೆ ಬೀಗ ತೆಗೆಯುತ್ತಾಳೆ. ಚೀಲವನ್ನು ಮೊಳೆಗೆ ನೇತುಹಾಕುತ್ತಾಳೆ. ಮೇಜಿನ ಧೂಳು ಒರೆಸಿ ಕೂರುತ್ತಾಳೆ. ಸ್ವಲ್ಪ ಹೊತ್ತಿಗೆ ಎದ್ದು ಇನ್ನೊಂದು ಕುರ್ಚಿಯಲ್ಲಿ ಕೂರುತ್ತಾಳೆ. ಕಿಟಕಿ ತೆಗೆಯುತ್ತಾಳೆ, ಮುಚ್ಚುತ್ತಾಳೆ. ದೂರದಲ್ಲಿ ಗೂಡ್ಸ್ ರೈಲಿನ ಸದ್ದು. ಕ್ಯಾಮೆರಾ ಮೇಜಿನ ಕೆಳಗೆ ಇಳಿದು ಆಕೆಯ ಕಾಲನ್ನು ತೋರಿಸುತ್ತದೆ. ಪಾದ ಆ ಸದ್ದಿಗೆ ತಾಳ ಹಾಕುತ್ತಿರುತ್ತದೆ. ಅಲ್ಲಿಗೆ ಮುಗಿಯಿತು.

ಟೇಲರ್ ನನ್ನ ಕಾಲಿನ ಕಡೆ ನೋಡುತ್ತಿದ್ದ. "ಏನಯ್ಯಾ?" ಎಂದೆ. "ಏನಿಲ್ಲ, ಪ್ಯಾಂಟು ಗಿಡ್ಡ ಆಗಿದೆ" ಎಂದ.

ಲೈಬ್ರರಿಯಿಂದ ಬರುವಾಗ ದಾರಿಯುದ್ದಕ್ಕೂ ಈ ಪತ್ರವನ್ನು ಮನಸ್ಸಿನಲ್ಲೇ ಬರೆದುಕೊಂಡೆ. ಚಿತ್ರದ ನಿಜವಾದ ಕೊನೆ ಇದು, ನೀನು ಹೋದದ್ದು ಅಂಕಿಯ ತಪ್ಪಿನಿಂದ, ಆದ್ದರಿಂದ ಮನೆಗೆ ಬಾ. ಮೂರು ಸಾಲು ಸಾಕಿತ್ತು. ಸೋಮವಾರ ಬರೆದೆ, ಹರಿದೆ. ಮಂಗಳವಾರ ಬರೆದೆ, ಅದನ್ನೂ ಹರಿದೆ. ಆಕೆ ವಾಪಸ್ಸು ಬಂದದ್ದು ನಿಜ. ಬಂದ ಮನೆಯಲ್ಲಿ ಹತ್ತು ನಿಮಿಷ ಕೂರಲಾಗಲಿಲ್ಲ ಎಂಬುದೂ ಅಷ್ಟೇ ನಿಜ. ಒಂದನ್ನು ತಿಳಿಸಿ ಇನ್ನೊಂದನ್ನು ಬಿಟ್ಟರೆ, ಮತ್ತೆ ತಪ್ಪು ರೀಲು ಓಡಿಸಿದ ಹಾಗೆ.

ನಿನ್ನ ಪತ್ರ ಕಳೆದ ವಾರವೇ ತಲುಪಿದೆ. ನಿನ್ನ ಹಡಗಿನ ಲಾಂಡ್ರಿ ಕೆಲಸ, ಮುನ್ನೂರು ಹಾಸಿಗೆ, ಮುನ್ನೂರು ದಿಂಬು, ಇಸ್ತ್ರಿಯ ಬಿಸಿ, ಎಲ್ಲ ಓದಿದೆ. ಈ ತಿಂಗಳು ನಿಮ್ಮ ಹಡಗು ನಮಗೆ ಹತ್ತಿರದ ಬಂದರಿನಲ್ಲಿ ಮಧ್ಯಾಹ್ನ ಎರಡೂ ನಲವತ್ತರಿಂದ ಮೂರೂ ಇಪ್ಪತ್ತರವರೆಗೆ ನಿಲ್ಲುತ್ತದೆ ಎಂದು ಬರೆದಿದ್ದೀಯ. "ಹತ್ತೋ ಮನಸ್ಸಿದ್ದರೆ ಬನ್ನಿ, ಜಾಗಕ್ಕೆ ಹೇಳಿಟ್ಟಿದ್ದೀನಿ. ಬರೀ ಕೈ ಬೀಸೋಕೆ ಬರಬೇಡಿ. ಇನ್ನೊಂದು ಸಲ ಕೇಳಲ್ಲ." ಆ ಸಾಲನ್ನು ಎಷ್ಟು ಸಲ ಓದಿದೆ ಎಂದು ಬರೆಯುವುದಿಲ್ಲ. ಮೂವತ್ತೆರಡು ವರ್ಷ ಕೇಳಿದವಳಿಗೆ ಒಂದು ಸಲ ಸುಸ್ತಾಗುವ ಹಕ್ಕಿದೆ.

ಅಟ್ಟದ ಮೇಲಿನ ಕಂದು ಪೆಟ್ಟಿಗೆಯನ್ನು ಬುಧವಾರ ಕೆಳಗಿಳಿಸಿದೆ. ಒಳಗೆ ಕೈಹಾಕಿದರೆ ಹಳೆಯ ಫಿಲಂ ಅಂಟಿಸುವ ದ್ರಾವಣದ ಬಾಟಲಿ, ಒಣಗಿ ಕಲ್ಲಾಗಿದೆ. ಪೆಟ್ಟಿಗೆಯನ್ನು ಮತ್ತೆ ಮೇಲಿಟ್ಟೆ. ಇವತ್ತು ಬೆಳಿಗ್ಗೆ ಮತ್ತೆ ಇಳಿಸಿದ್ದೇನೆ. ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಈ ವಯಸ್ಸಿನಲ್ಲಿ ನೀರಿನ ಮೇಲೆ ನಾನು ಏನು ಮಾಡಲಿ? ಹತ್ತು ನಿಮಿಷಕ್ಕೊಮ್ಮೆ ಎದ್ದರೆ ಎಲ್ಲಿಗೆ ಹೋಗಲಿ? ಹಡಗಿನಲ್ಲಿ ಡೆಕ್ಕು ಉದ್ದಕ್ಕಿರುತ್ತದೆ, ಒಂದು ಸುತ್ತು ಹತ್ತು ನಿಮಿಷವಾಗುತ್ತದೆ ಎಂದು ಹಿಂದೆ ಒಮ್ಮೆ ನೀನೇ ಬರೆದಿದ್ದೆ. ಆ ಪತ್ರವನ್ನೂ ಹುಡುಕಿ ತೆಗೆದಿಟ್ಟಿದ್ದೇನೆ.

ನಿನ್ನ ಫೋನು ಸಮುದ್ರದಲ್ಲಿ ಸಿಗುವುದಿಲ್ಲ. ಈ ಪತ್ರ ಹದಿಮೂರಕ್ಕೆ ನೀವು ನಿಲ್ಲುವ ಬಂದರಿನ ಕಚೇರಿ ಸೇರುತ್ತದೆ ಎಂದು ಅಂಚೆಯವರು ಹೇಳಿದ್ದಾರೆ.

ಆರೋಗ್ಯ ನೋಡಿಕೋ. ಇಸ್ತ್ರಿಯ ಹತ್ತಿರ ಕೈ ಜೋಪಾನ.

ನಿನ್ನ,
ಆಪರೇಟರು

ಮರೆತ ಮಾತು: ಲೈಬ್ರರಿ ಮೇಡಂ ಹೇಳುವವರೆಗೆ ರೀಲು ತಪ್ಪಿದ್ದು ನನಗೆ ಗೊತ್ತಿರಲಿಲ್ಲ ಎಂಬಂತೆ ಮೇಲೆ ಬರೆದಿದ್ದೇನೆ. ಅದು ಸುಳ್ಳು. ಮರೆತದ್ದೂ ಅಲ್ಲ. ಎರಡನೆಯ ದಿನವೇ ದೊಡ್ಡ ಆಪರೇಟರ್ ರಜೆಯಿಂದ ಬಂದು, "ಲೋ, ಒಂಬತ್ತನ್ನ ಆರು ಮಾಡಿದೀಯಲ್ಲೋ, ಕಣ್ಣು ಎಲ್ಲಿಟ್ಟಿದ್ದೆ?" ಎಂದು ಬೈದರು. "ಇವತ್ತೇ ಸರಿ ಮಾಡ್ತೀನಿ" ಎಂದೆ. ಮಾಡಲಿಲ್ಲ. ಹಿಂದಿನ ದಿನ ಕೊನೆಯ ರೀಲಿಗೆ ಕಿಂಡಿಯಿಂದ ನಾನು ನೋಡುತ್ತಿದ್ದದ್ದು ಚುಕ್ಕೆಯನ್ನಲ್ಲ. ರೈಲು ಸುರಂಗ ಸೇರುವಾಗ ಬಾಗಿಲ ಪರದೆ ಹಿಡಿದು ನಿಂತ ನಿನ್ನ ಹಿಮ್ಮಡಿ ನೆಲ ಬಿಟ್ಟಿತ್ತು. ಆ ರೀಲು ಮಧ್ಯಕ್ಕೆ ಹೋದರೆ ನೀನು ಒಳಗೆ ಬರುವುದಿಲ್ಲ ಎಂದು ಹೆದರಿದೆ. ಉಳಿದ ಹದಿಮೂರು ದಿನ ಬೇಕೆಂದೇ ತಪ್ಪಾಗಿ ಓಡಿಸಿದೆ. ನಿನಗೆ ಊರು ಬಿಡುವ ಹುಚ್ಚು ಹಿಡಿಸಿದವನು ನಾನೇ. ಆಮೇಲೆ ಬಾಗಿಲಿಗೆ ಅಡ್ಡ ನಿಂತವನೂ ನಾನೇ.

ಇನ್ನೊಂದು. ನಿನ್ನ ಪತ್ರದಲ್ಲಿ ಹಡಗು ಬರುವ ತಾರೀಖು ೧೬ ಎಂದಿದೆಯೋ ೧೯ ಎಂದಿದೆಯೋ ನನಗೆ ತಿಳಿಯಲಿಲ್ಲ. ಟೇಲರ್ ಹದಿನಾರು ಎನ್ನುತ್ತಾನೆ, ಮೇಡಂ ಹತ್ತೊಂಬತ್ತು ಎನ್ನುತ್ತಾರೆ. ಬಂದರಿನವರು ಎರಡು ದಿನ ಮೊದಲಷ್ಟೇ ಹೇಳುತ್ತಾರಂತೆ. ಅದಕ್ಕೆ ಕಾದು ಕೂತರೆ ನನಗೆ ಮತ್ತೊಂದು ನೆಪ ಸಿಕ್ಕಿದಂತಾಗುತ್ತದೆ. ಹದಿನಾರನೇ ತಾರೀಖು, ಗುರುವಾರ, ಬೆಳಿಗ್ಗೆ ಆರಕ್ಕೆ ನನ್ನ ಬೀಗದ ಕೈಯನ್ನು ಟೇಲರ್‌ಗೆ ಕೊಡುತ್ತೇನೆ. ಆರೂ ಹತ್ತಕ್ಕೆ ಬಸ್ಸು. ಹನ್ನೊಂದಕ್ಕೆ ಬಂದರು ತಲುಪುತ್ತದೆ. ಅಂದು ಹಡಗು ಬರದಿದ್ದರೆ ಹತ್ತೊಂಬತ್ತರವರೆಗೆ ಪೆಟ್ಟಿಗೆಯೊಂದಿಗೆ ಅಲ್ಲೇ ಇರುತ್ತೇನೆ.